ಅಳಿಯಂದಿರ ಆನೆ ಟೈರು

ಭೂಮಿ ಗುಂಡಗಿದೆ ಎಂದು ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದಾಗ ನಾನು ನಂಬಿರಲಿಲ್ಲ. ನಮ್ಮ ಅಳಿಯಂದಿರ ಗಾಡಿ ಹತ್ತಿದ ಮೇಲೆ ನಂಬಲೇಬೇಕಾಯಿತು. ಭೂಮಿ ಗುಂಡಗಿಲ್ಲದಿದ್ದರೆ ಈ ಮನುಷ್ಯ ಮನೆ ಸೇರುವುದಾದರೂ ಹೇಗೆ ಹೇಳಿ? ಆ ಗಾಡಿ ತಿರುಗುವುದೇ ಇಲ್ಲವಲ್ಲ! ನೇರ ಹೋಗುತ್ತಾ ಇರಬೇಕು, ಯಾವತ್ತೋ ಒಂದು ದಿನ ಹಿತ್ತಿಲ ಕಡೆಯಿಂದ ಬಂದು ಊಟಕ್ಕೆ ಕೂರಬೇಕು.

ಅಯ್ಯೋ, ಮೊದಲು ಹೇಳಬೇಕಾದದ್ದನ್ನೇ ಮರೆತೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸೊಪ್ಪಿನವಳಿಗೆ, ಕರೆಂಟು ಮೀಟರು ನೋಡಲು ಬಂದವನಿಗೆ, ಎಲ್ಲರಿಗೂ ಹೇಳಿಯಾಯಿತು. ಉಳಿದವರು ನೀವೇ. ಸೀನಿದರೆ ಬೆಕ್ಕಿನ ಮರಿ ಸೀನಿದ ಹಾಗೆ, ಆಕಳಿಸಿದರೆ ಆಸ್ಪತ್ರೆಯ ನರ್ಸಮ್ಮನೂ ಕೆಲಸ ಬಿಟ್ಟು ನೋಡಬೇಕು, ಅಂಥ ಮಗು. ಇಂಥ ಸಂತೋಷದ ಹೊತ್ತಿನಲ್ಲಿ ಯಾರನ್ನೂ ಆಡಿಕೊಳ್ಳಬಾರದು, ನಿಜ. ಆದರೆ ಆ ಮಗುವನ್ನು ಹಾಸನದ ಆಸ್ಪತ್ರೆಯಿಂದ ಶಾಂತಿಗ್ರಾಮದ ಆಚೆಗಿರುವ ನಮ್ಮೂರಿಗೆ ಕರೆದುಕೊಂಡು ಬರಬೇಕಲ್ಲ, ಅದೂ ಅಳಿಯಂದಿರ ಗಾಡಿಯಲ್ಲಿ! ಆ ಚಿಂತೆಗೆ ನನ್ನ ನಿದ್ದೆಯೇ ಹಾರಿಹೋಗಿತ್ತು.

ಅಳಿಯಂದಿರದು ಹಳ್ಳಿಮೈಸೂರು. ಅವರ ಹತ್ತಿರ ಒಂದು ಪಿಕಪ್ ಗಾಡಿ ಇದೆ. ಅರಕಲಗೂಡಿನಿಂದ ಶುಂಠಿ, ಚನ್ನರಾಯಪಟ್ಟಣದಿಂದ ಎಳನೀರು ತುಂಬಿಕೊಂಡು ಹಾಸನಕ್ಕೆ ಹೊಡೆಯುತ್ತಾರೆ. ಪಾಪದ ಗಾಡಿ, ಹೇಳಿದ ಹಾಗೆ ಕೇಳಿಕೊಂಡಿತ್ತು. ಬೈಪಾಸಿನಲ್ಲಿ ಯಾರದೋ ಎತ್ತರದ ಟೈರಿನ ಗಾಡಿ ಇವರನ್ನು ಹಿಂದೆ ಹಾಕಿ ಹೋಯಿತಂತೆ. ಮುಗಿಯಿತು! ಮಾರನೆಯ ದಿನವೇ ಹುಡುಕಿಕೊಂಡು ಹೋಗಿ ಅಂಥವೇ ದೊಡ್ಡ ಟೈರು ಹಾಕಿಸಿಕೊಂಡು ಬಂದರು. ಕುರಿಗೆ ಆನೆಯ ಕಾಲು ಕಟ್ಟಿದ ಹಾಗಿತ್ತು. ಹತ್ತಲು ನನಗೆ ಮಣೆ ಬೇಕು, ಇಳಿಯಲು ದೇವರು ಬೇಕು.

"ಎಂಗದೆ ಅತ್ತೆ, ಗತ್ತು?" ಎಂದರು.

"ಗತ್ತು ಅದೆ. ಗಾಡಿ ಎಲ್ಲೋ ಕಾಣೆ ಕಣ್ರಿ," ಎಂದೆ.

ಅವರಿಗೆ ನನ್ನ ಮಾತು ಕಿವಿಗೆ ಬಿದ್ದರೆ ತಾನೆ? ಆಮೇಲೆ ಒಂದು ದಿನ ಓಡಿ ಬಂದು ಮೀಟರು ತೋರಿಸಿದರು. ಟೈರು ದೊಡ್ಡದಾದ ಮೇಲೆ ಚಕ್ರ ಕಮ್ಮಿ ಸುತ್ತು ಸುತ್ತುತ್ತದಲ್ಲ, ಮೀಟರಿನಲ್ಲಿ ಕಿಲೋಮೀಟರು ಕಮ್ಮಿ ಬಂದಿತ್ತು.

"ನೋಡಿ ಅತ್ತೆ! ಹಾಸನ ಅತ್ರ ಆಗದೆ!"

ಹಾಸನ ಎದ್ದು ಬಂದು ಹಳ್ಳಿಮೈಸೂರಿನ ಪಕ್ಕ ಕೂತುಕೊಂಡಿತಂತೆ. ಇಂಥವರಿಗೆ ಹೆಣ್ಣು ಕೊಟ್ಟೆನಲ್ಲ ಎಂದು ನಾನು ಒಳಗೆ ಹೋಗಿ ಒಲೆ ಊದಿದೆ. ಒಲೆ ಉರಿಯುತ್ತಲೇ ಇತ್ತು.

ನಿಜವಾದ ತಮಾಷೆ ಸ್ಟೀರಿಂಗಿನದು. ಟೈರು ಹಾಕಿಸಿದಂದಿನಿಂದ ಅದು ತಿರುಗಿಸಿದಾಗೆಲ್ಲ ಹಾಲು ಬಿಡಿಸಿದ ಕರುವಿನ ಹಾಗೆ ಕುಂಯ್ ಎಂದು ಅಳತೊಡಗಿತು. ಪವರ್ ಸ್ಟೀರಿಂಗಂತೆ! ಒಂದು ಬೆರಳಲ್ಲಿ ತಿರುಗುತ್ತಿದ್ದದ್ದು ಈಗ ಎರಡು ತೋಳಿಗೂ ಬಗ್ಗುತ್ತಿರಲಿಲ್ಲ. ಬಗ್ಗಿದರೆ ಒಮ್ಮೆಲೇ ಬಗ್ಗಿ ಒಳಗಿದ್ದವರನ್ನೆಲ್ಲ ಬಾಗಿಲಿಗೆ ಬಡಿಯುತ್ತಿತ್ತು. ಟೀ ಅಂಗಡಿ ಕಂಡಲ್ಲಿ ನಿಲ್ಲಿಸಿ ಇವರು ಒಂದು ಲೋಟ ಟೀ ಕುಡಿಯುವುದು, ಅದಕ್ಕೆ ಒಂದು ಬಾಟಲಿ ಸ್ಟೀರಿಂಗ್ ಎಣ್ಣೆ ಕುಡಿಸುವುದು. ಹೊಳೆನರಸೀಪುರದ ಮೆಕ್ಯಾನಿಕ್ಕು ಕೈ ಮುಗಿದು ಹೇಳಿದನಂತೆ: "ಅಣ್ಣಾ, ಪಂಪು ಸಾಯ್ತಾ ಅದೆ. ಈ ಟೈರ್ ಬಿಚ್ಚಾಕ್ಬುಡಿ." ಅದಕ್ಕೆ ನಮ್ಮ ಅಳಿಯಂದಿರು, "ಟೈರ್ ಸರ್‍ಯಾಗೇ ಅದೆ ಕಣ್ಲಾ. ರೋಡೇ ಅಂಕುಡೊಂಕು," ಎಂದು ಬಂದರಂತೆ!

ಹಬ್ಬಕ್ಕೆ ಕರೆದಿದ್ದೆ. ಕೋಳಿ ಸಾರು, ಮುದ್ದೆ. ಹೆದ್ದಾರಿಯಿಂದ ನಮ್ಮೂರಿಗೆ ತಿರುಗುವಲ್ಲಿ ಗಾಡಿ ಸರ್ರನೆ ಮುಂದಕ್ಕೆ ಹೋದದ್ದನ್ನು ನಾನೇ ಕಣ್ಣಾರೆ ನೋಡಿದೆ. ಸಾರು ಆರಿತು. ಫೋನು ಬಂತು.

"ಅತ್ತೆ, ಚನ್ನರಾಯಪಟ್ಟಣದಲ್ಲಿದೀನಿ."

"ಅಲ್ಯಾಕ್ರೀ ಓದ್ರಿ?"

"ತಿರುಗ್ಲಿಲ್ಲ ಕಣತ್ತೆ."

ಇನ್ನೊಂದು ಹೇಳುತ್ತೇನೆ, ನೀವು ನಗಬಾರದು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಸರಿಸಮ ಕೂರುವುದಿಲ್ಲ. ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು ಎರಡು ಮಾತಾಡಿದರೆ ಅದೇ ಹೆಚ್ಚು. ಬಸುರಿ ಮಗಳನ್ನು ಹೆರಿಗೆಗೆ ಕರೆತರಲು ಹೋದ ದಿನ ಇವರ ಗಾಡಿಯಲ್ಲೇ ಹೊರಟೆವು. ಅವರ ಬೀದಿಯ ಮೂಲೆಯಲ್ಲಿ ಸ್ಟೀರಿಂಗು ಮೊಂಡು ಹಿಡಿಯಿತು. ಹಿಂದೆ ಹಾಲಿನ ಗಾಡಿ ಹಾರನ್ನು ಹೊಡೆಯುತ್ತಿದೆ. ಅಳಿಯಂದಿರು ಬೆವರಿಳಿಸಿಕೊಂಡು, "ಅತ್ತೆ, ನೀವೂ ಒಂದ್ ಕೈ ಆಕಿ!" ಎಂದರು. ನಾನು ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗು ಹಿಡಿದು, ಮುಖ ಆಚೆಗೆ ತಿರುಗಿಸಿಕೊಂಡು ಜಗ್ಗಿದೆ. ಜಗಲಿಯ ಮೇಲಿದ್ದ ಮುದುಕಿಯೊಬ್ಬಳು ಕೂಗಿದಳು:

"ಏನವ್ವಾ, ಅಳೀನ್ ಗಾಡಿಗೆ ಡ್ರೈವರ್ ಆಗ್ ಸೇರ್ಕಂಡಾ?"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಬರುವಂಥದ್ದೇನಿತ್ತೋ ಕಾಣೆ!

ಇರಲಿ, ಆಸ್ಪತ್ರೆಗೆ ಬರೋಣ. ಹೆರಿಗೆ ಹೊಟ್ಟೆ ಕೊಯ್ದು ಆಯಿತು. ಹೊಲಿಗೆ ಹಸಿ ಇದೆ, ಮೈ ಕುಲುಕಬಾರದು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅಳಿಯಂದಿರದು ಮಾತ್ರ ಒಂದೇ ಹಟ: "ನನ್ ಮಗಳು ನನ್ ಗಾಡೀಲೇ ಮನೇಗ್ ಬರ್ಬೇಕು."

"ಬಾಣಂತೀನ ಅಟ್ಟಕ್ ಅತ್ತುಸ್ದಂಗೆ ಅತ್ತುಸ್ತೀರಾ? ತಿರುವ್ನಲ್ಲಿ ಕೂಸ್ನ ಎತ್ತಿ ಒಗೀತದೆ, ಆಗೇನ್ ಮಾಡೀರಿ?" ಎಂದು ಬಾಗಿಲ ಮರೆಯೂ ಇಲ್ಲದೆ, ವಾರ್ಡಿನ ನಡುವೆಯೇ ಬೈದೆ. ಅವರು ಮಗುವನ್ನು ಒಮ್ಮೆ ನೋಡಿ ಹೊರಟುಹೋದರು. ಬುದ್ಧಿ ಬಂತು ಎಂದುಕೊಂಡಿರಾ? ನಾನಂತೂ ಅಂದುಕೊಳ್ಳಲಿಲ್ಲ. ಗುಟ್ಟಾಗಿ ಒಂದು ಕಾರಿಗೆ ಹೇಳಿಟ್ಟೆ.

ಮನೆಗೆ ಕಳಿಸುವ ದಿನ ಗೇಟಿಗೆ ಬಂದರೆ ಅಳಿಯಂದಿರ ಗಾಡಿ ನಿಂತಿದೆ. ಆದರೆ ಏನೋ ಕುಳ್ಳಗಾಗಿದೆ! ಬಗ್ಗಿ ನೋಡಿದೆ. ಹಳೆಯ ಟೈರು. ಅಳಿಯಂದಿರು ಆಕಾಶ ನೋಡುತ್ತಿದ್ದರು. ನಾನು ಹೇಳಿಟ್ಟಿದ್ದ ಕಾರಿನವನಿಗೆ ಬೇಡವೆಂದು ಕೈಸನ್ನೆ ಮಾಡಿ ಕಳಿಸಿದೆ. ಮಗಳು ಅವರ ತೋಳು ಹಿಡಿದು ಮೆಲ್ಲನೆ ಹತ್ತಿ ಕೂತಳು. ನಾನು ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತೆನೋ ಇಲ್ಲವೋ, ಮೂಗಿಗೆ ಬಡಿಯಿತು.

"ಏನ್ರೀ ಇದು ನಾತ? ಬಾಣಂತಿ ಕೂರೋ ಜಾಗ!"

"ಮೊಟ್ಟೆ ಅತ್ತೆ. ತೊಳ್ದೆ, ಓಗ್ಲಿಲ್ಲ."

"ಇಲ್ಲಿಗೆ ಮೊಟ್ಟೆ ಯಾಕ್ ಬಂತು?"

ಅಳಿಯಂದಿರು ನನ್ನ ಕಡೆ ನೋಡಲಿಲ್ಲ. "ನೀವ್ ಬೈದ್ರಲ್ಲ, ಆವತ್ತು ಊರ್ಗೋಗಿ ಒಂದ್ ಟ್ರೇ ಮೊಟ್ಟೆ ತಂದು ಈ ಸೀಟ್ ಮ್ಯಾಲೆ ಮಡಿಕ್ಕಂಡು ಹಾಸನದ್ ಕಡೆ ಒಂಟೆ. ಕೂಸು ಇಲ್ಲಿದ್ರೆ ಎಂಗಿರ್ತದೆ ಅಂತ ನೋಡಾಕೆ. ಸ್ಟೀರಿಂಗ್ ಜಗ್ಗಿ ಗಾಡಿ ಒಗೆದಾಗ್ಲೆಲ್ಲ ಪಟ್ ಅಂತ ಒಡ್ಯೋವು. ಒಳೆನರಸೀಪುರ ಬರೋದ್ರೊಳ್ಗೆ ನಂಗೆ ಮುಂದಕ್ ಓಡ್ಸಾಕೇ ಆಗ್ಲಿಲ್ಲ ಅತ್ತೆ. ತಿರುಗುಸ್ಕಂಡ್ ಓಗಿ ಟೈರ್ ಬಿಚ್ಚುಸ್ಬುಟ್ಟೆ. ಆಮೇಲೆ ಇನ್ನೊಂದ್ ಟ್ರೇ ಮಡಿಕ್ಕಂಡು ಹಾಸನದ್ ಗಂಟ ಬಂದ್ ನೋಡ್ದೆ. ಒಂದೂ ಒಡೀಲಿಲ್ಲ."

ಆಗ ಕಂಡಿತು. ಸ್ಟೀರಿಂಗಿನ ಮುಂದೆ, ಮಡಿಸಿದ ಟವೆಲಿನ ನಡುವೆ ಒಂದು ಮೊಟ್ಟೆ ಕೂತಿತ್ತು.

"ಇದ್ಯಾಕೆ ಇಲ್ಲಿ ಅದೆ?"

"ಅದುನ್ನ ನೋಡ್ಕಂಡು ಓಡುಸ್ತೀನಿ."

ಗಾಡಿ ಹೊರಟಿತು. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಹಂಪು ಕಂಡಲ್ಲೆಲ್ಲ ಅಳಿಯಂದಿರು ಉಸಿರು ಬಿಗಿಹಿಡಿಯುತ್ತಿದ್ದರು. ಅವರ ಜೊತೆ ನಾನೂ ಹಿಡಿಯುತ್ತಿದ್ದೆ. ಮೊಮ್ಮಗಳು ನನ್ನ ಮಡಿಲಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಳು. ಮನೆ ಮುಂದೆ ಗಾಡಿ ನಿಂತ ಮೇಲೂ ಅವಳಿಗೆ ಎಚ್ಚರವಾಗಲಿಲ್ಲ. ಅವಳಾಗಿ ಏಳಲಿ ಎಂದು ನಾವು ಯಾರೂ ಬಾಗಿಲು ತೆಗೆಯಲಿಲ್ಲ.