ನನ್ನ ಎಡಗಾಲು ಮತ್ತು ನಾದಿನಿಯ ಬುತ್ತಿ

"ಸಿಂದಗಿಯಿಂದ ತಾಳಿಕೋಟಿತನಕಾ ಒಮ್ಮೆನೂ ಗಾಡಿ ಬಂದ್ ಬೀಳಂಗಿಲ್ಲ! ಒಮ್ಮೆನೂ ಗೇರ್ ಕಡೆ ಬಗ್ಗಿ ನೋಡಂಗಿಲ್ಲ! ಹಂಗ ಹೊಡೀಲಿಲ್ಲಂದ್ರ ನನ್ನ ಹೆಸರ ರೇವಪ್ಪನ ಅಲ್ಲ!"

ಹೀಗೆಂದು ನಾನು ಬೆಳಗಾಗುತ್ತಲೇ ಅಂಗಳದಲ್ಲಿ ನಿಂತು ಪ್ರತಿಜ್ಞೆ ಮಾಡಿದೆ. ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಹೆಂಡತಿ ಶಂಕ್ರೆವ್ವ, ಇನ್ನೊಂದು ನಮ್ಮ ಎಮ್ಮೆ. ಎಮ್ಮೆ ಸುಮ್ಮನಿತ್ತು.

"ಹೆಸರು ಬದಲಿ ಮಾಡಿದ್ರ ನಿಮ್ಮ ಗ್ರಾಮಸೇವಕನ ನೌಕರಿ ಉಳೀತೈತೇನ್ರಿ?" ಅಂದಳು ಶಂಕ್ರೆವ್ವ.

ಆ ಫಟಫಟಿ ಮೋಟರ್‌ಸೈಕಲ್ಲನ್ನು ನಾನು ಹಳೆಯದೆಂದು ಗೊತ್ತಿದ್ದೇ ಕೊಂಡಿದ್ದೆ. ಓಡುತ್ತಿತ್ತು, ಹೊಗೆ ಉಗುಳುತ್ತಿತ್ತು, ಸದ್ದಂತೂ ಇಡೀ ಸಿಂದಗಿಗೆ ಸಾಕಾಗುವಷ್ಟಿತ್ತು. ಇಲ್ಲದ್ದು ಒಂದೇ: ಯಾವ ಗೇರಿನಲ್ಲಿದ್ದೇನೆ ಎಂದು ಹೇಳುವ ಬಾಯಿ. ನಾಲ್ಕು ಗೇರು ಹೊಟ್ಟೆಯಲ್ಲಿಟ್ಟುಕೊಂಡು ಒಂದನ್ನೂ ತೋರಿಸಿಕೊಡದ ಮಹಾ ಗುಟ್ಟಿನ ಗಾಡಿ! ಜಪಾನಿನಲ್ಲಿ ಗೇರಿನ ಅಂಕಿಯನ್ನು ದೀಪದಲ್ಲಿ ತೋರಿಸುವ ಗಾಡಿಗಳಿವೆಯಂತೆ, ಗೇರು ತಾನೇ ಬದಲಾಗುವ ಗಾಡಿಯೂ ಬರುತ್ತದಂತೆ ಎಂದು ಪೇಪರಿನಲ್ಲಿ ಓದಿ ನಾನು ನಕ್ಕಿದ್ದೆ.

"ಅವೆಲ್ಲಾ ಕೈಲಾಗದವರಿಗೆ. ನನ್ನ ಎಡಗಾಲಿಗೇ ಕಣ್ಣು ಅದಾವ!"

"ಕಾಲಿಗೆ ಕಣ್ಣಿದ್ರ ನಿನ್ನಿ ಹಿತ್ತಲದಾಗ ಶಗಣಿ ಯಾಕ ತುಳದ್ರಿ?"

ನಾನು ಪೇಪರು ಮಡಚಿಟ್ಟು ಗಾಡಿ ಒರೆಸಲು ಎದ್ದೆ.

ನಿಜ ಹೇಳಿಬಿಡುತ್ತೇನೆ. ತಪ್ಪು ಕಾಲಿನದಲ್ಲ, ಅದಕ್ಕೆ ಬಿದ್ದ ರೂಢಿಯದು. ನಾನು ಗಾಡಿ ಕಲಿತದ್ದು ಕಾಳುಕಡಿಯ ದಲ್ಲಾಳಿ ಅಂಗಡಿಯ ಗೆಳೆಯ ಬಾಬುಲಾಲನ ಗಾಡಿಯ ಮೇಲೆ. ಅದರಲ್ಲಿ ಗೇರು ಏರಿಸಬೇಕಾದರೆ ತುಳಿಯಬೇಕು. ನಾನು ಕೊಂಡ ಗಾಡಿಯಲ್ಲಿ ಮೊದಲನೆಯ ಗೇರಿಗೆ ಮಾತ್ರ ತುಳಿದು, ಉಳಿದವಕ್ಕೆ ಕಾಲಿನಿಂದ ಮೇಲಕ್ಕೆತ್ತಬೇಕು. ಮನಸ್ಸು ಸಮಾಧಾನದಲ್ಲಿದ್ದರೆ ನನ್ನ ಕಾಲು ಹೊಸ ಪಾಠ ಒಪ್ಪಿಸುತ್ತಿತ್ತು. ಗಡಿಬಿಡಿಯಾಯಿತೋ, ಹಳೆಯ ಗುರುವಿನ ಪಾಠಕ್ಕೇ ಹೋಗಿಬಿಡುತ್ತಿತ್ತು!

ಅವತ್ತಿನ ಪ್ರಯಾಣವೋ ಗಡಿಬಿಡಿಯದೇ. ಶಂಕ್ರೆವ್ವನ ತಂಗಿ ಸುಂದರವ್ವ ತಾಳಿಕೋಟೆಯಲ್ಲಿ ಏಳು ತಿಂಗಳ ಬಸುರಿ. ಬಸುರಿ ಮಗಳಿಗೆ ತವರಿನಿಂದ ತಾಯಿ ಬುತ್ತಿ ಕಟ್ಟಿಕೊಂಡು ಹೋಗಬೇಕು. ಆದರೆ ಅಕ್ಕತಂಗಿಯರಿಗೆ ತಾಯಿ ಇರಲಿಲ್ಲ. "ಇಕಿಗೆ ಬುತ್ತಿ ತರಾಕ ಯಾರದಾರ ಬಿಡ್ರಿ" ಎಂದು ಸುಂದರವ್ವನ ಅತ್ತೆ ಸಿದ್ದವ್ವ ಓಣಿಯಲ್ಲೆಲ್ಲ ಆಡಿದ ಮಾತು ಸಿಂದಗಿಯವರೆಗೂ ಬಂದು ಮುಟ್ಟಿತ್ತು. ಅದನ್ನು ಕೇಳಿದ ದಿನ ಶಂಕ್ರೆವ್ವ ಒಲೆಯ ಮುಂದೆ ಕೂತು ಅತ್ತಳು. ಮರುದಿನ ಅವಳು ಸೆರಗು ಬಿಗಿದು ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಮೊಸರನ್ನ ಎಲ್ಲ ಮಾಡಿ, ಬುಟ್ಟಿಯಲ್ಲಿಟ್ಟು ಬಿಳಿ ಅರಿವೆ ಕಟ್ಟಿದಳು.

"ನೋಡ್ರಿ, ಮಧ್ಯಾಹ್ನ ಉಣ್ಣೂ ಹೊತ್ತಿಗೆ ಮುಟ್ಟಬೇಕು. ನಮ್ಮವ್ವ ಹೇಳ್ತಿದ್ಲು, ಬಸುರಿ ಬುತ್ತಿ ದಾರ್ಯಾಗ ನೆಲಕ್ಕ ಇಡಬಾರದಂತ. ತಿಳೀತಿಲ್ಲೋ?"

"ನೆಲಕ್ಕ ಇಡೂ ಮಾತ ಎಲ್ಲಿ ಬಂತು? ನಾವು ಗಾಳ್ಯಾಗ ಹೊಂಟೇವಿ!"

ಗಾಳಿಯಲ್ಲಿ ಹೊರಟ ನಾವು ಸಿಂದಗಿಯ ಪೇಟೆ ದಾಟುವುದರೊಳಗೇ ನೆಲಕ್ಕಿಳಿದೆವು. ಎದುರಿಗೆ ಕಬ್ಬಿನ ಬಂಡಿ ಬಂತು, ನಾನು ನಿಧಾನಿಸಿದೆ, ಗಾಡಿ ಒಮ್ಮೆ ಕೆಮ್ಮಿ ಸತ್ತಿತು.

"ಎಷ್ಟನೇ ಗೇರ್‌ದಾಗ ಇತ್ತ ಇದು?" ಎಂದೆ ನಾನು, ತಡೆಯಲಾರದೆ.

"ನನ್ನ ಕೇಳ್ತೀರಲ್ಲ, ಗಾಡಿ ಏನ್ ನಾ ಹಡದೇನಿ?"

ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವಳು ಇಳಿದಳು. ನಾನು ಕಿಕ್ ಒದ್ದೆ. ಗಾಡಿ ಎದ್ದಿತು. ಅವಳು ಹತ್ತಿದಳು. ಇದೇ ನಾಟಕ ಮುಂದಿನ ಹಳ್ಳಿಯ ಬಾವಿಯ ಬಳಿ ನಡೆಯಿತು, ಕಲಕೇರಿಯಲ್ಲಿ ಚಹಾದ ಅಂಗಡಿಯ ಮುಂದೆ ಪ್ರೇಕ್ಷಕರ ಸಮೇತ ನಡೆಯಿತು. ಕಲಕೇರಿ ದಾಟಿದ ಮೇಲೆ ಒಂದು ಏರಿನಲ್ಲಿ ಮತ್ತೆ ನಿಂತಿತು. ಬಿಸಿಲು ಏರಿತ್ತು, ಸುತ್ತ ಬರೀ ಎರೆಹೊಲ, ಒಂದು ಬೇವಿನ ಗಿಡವೂ ಇಲ್ಲ. ಶಂಕ್ರೆವ್ವನ ಮುಖ ಸಣ್ಣದಾಗಿತ್ತು.

"ಹೊತ್ತಾತ್ರಿ. ನನ್ನ ತಂಗಿ ಬಾಗಲದಾಗ ನಿಂತ ದಾರಿ ನೋಡ್ತಿರ್ತಾಳ."

ಬೆವರು ಒರೆಸಿಕೊಂಡು ಒದ್ದೆ, ಮತ್ತೆ ಒದ್ದೆ.

"ಗೇರ್‌ದಾಗ ಐತೇನ್ ನೋಡ್ರಿ," ಅಂದಳು ಬುಟ್ಟಿ ಹೊತ್ತು ನಿಂತಿದ್ದ ಅವಳು.

"ನೀ ನನಗ ಹೇಳಾಕ ಬರ್ತಿಯೇನ! ನ್ಯೂಟ್ರಲ್‌ದಾಗ ಐತಿ! ನೀ ಹತ್ತಾಕ ತಯಾರಾಗು!"

ಸಿಟ್ಟಿನಿಂದ ಇನ್ನೊಂದು ಒದೆ ಕೊಟ್ಟೆ. ಗಾಡಿ ನ್ಯೂಟ್ರಲ್‌ನಲ್ಲಿರಲಿಲ್ಲ! ಎದ್ದದ್ದೇ ತಡ, ನನ್ನನ್ನು ಎತ್ತಿಕೊಂಡು ಹಾರಿತು. ನಾನು ಹ್ಯಾಂಡಲ್ ಕಚ್ಚಿ ಹಿಡಿದು "ಹತ್ತು! ಹತ್ತು!" ಎಂದು ಕೂಗಿದೆ. ಅಷ್ಟರಲ್ಲಿ ಹಿಂದಿನ ಗಾಲಿ ಧಪ್ಪಂತ ತಗ್ಗಿತು. ಕೂತಳು ಅಂದುಕೊಂಡೆ. ಅದು ರಸ್ತೆಯ ಕುಣಿ ಎಂದು ನನಗೆ ಹೇಳುವವರು ಯಾರು? ಹಿಂದೆ ತಿರುಗಿ ನೋಡಿದರೆ ಗಾಡಿ ಹೊಲಕ್ಕಿಳಿಯುತ್ತಿತ್ತು, ನಿಲ್ಲಿಸಿದರೆ ಮತ್ತೆ ಏಳುತ್ತಿರಲಿಲ್ಲ.

ಗೇರು ಏರಿಸಿದೆ. ಅಂದರೆ, ತುಳಿದೆ! ಎರಡು ಅಂದೆ, ತುಳಿದೆ. ಮೂರು ಅಂದೆ, ತುಳಿದೆ. ನಾಲ್ಕು ಅಂದೆ, ತುಳಿದೆ. ಎಂಜಿನ್ ಆಕಾಶಕ್ಕೆ ಕೇಳುವಂತೆ ಚೀರತೊಡಗಿತು. ಆಹಾ, ಇದೇ ವೇಗ!

"ನೋಡಿದೇನ ಶಂಕ್ರೆವ್ವ, ಹೆಂಗ ಹಾರಾಕತ್ತೈತಿ!" ಎಂದು ಕಿರುಚಿದೆ.

ಶಂಕ್ರೆವ್ವ ಮಾತಾಡಲಿಲ್ಲ. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ನನ್ನ ಮಾತಿಗೆ ಎದುರಾಡದೆ ಇದ್ದುದು ಅದೇ ಮೊದಲು. ನನ್ನ ಪರಾಕ್ರಮಕ್ಕೆ ಬಾಯಿ ಕಟ್ಟಿದೆ ಎಂದು ನನಗೆ ಎದೆಯುಬ್ಬಿತು, ಆಮೇಲೆ ಪ್ರೀತಿಯೂ ಉಕ್ಕಿತು.

"ಸುಂದರವ್ವಗ ನಾವ ತಾಯಿತಂದಿ ಅಂತ ತಿಳ್ಕೊ. ಬಾಣಂತನ ನಮ್ಮ ಮನ್ಯಾಗ ಮಾಡೂಣು. ನಿನಗೊಂದು ಇಳಕಲ್ ಸೀರಿ ತರ್ತೇನಿ. ಇನ್ನ ಮ್ಯಾಲೆ ನಿನ್ನ ಮಾತ ಕೇಳ್ತೇನಿ!"

ಇಷ್ಟು ಒಳ್ಳೆಯ ಮಾತುಗಳನ್ನು ನಾನು ಅದಕ್ಕಿಂತ ಮುಂಚೆ ಆಡಿರಲಿಲ್ಲ. ಆಡಿದ್ದು ಖಾಲಿ ಸೀಟಿಗೆ!

ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ನನ್ನ ಪಕ್ಕಕ್ಕೆ ಬಂದು, "ಯಾಕ್ರಿ ಸಾಹೇಬ್ರ, ಗಾಡಿಗೆ ಆರಾಮ ಇಲ್ಲೇನು?" ಎಂದು ಕೇಳಿ ಮುಂದೆ ಹೋದ. ಹೊಟ್ಟೆಕಿಚ್ಚಿನವನು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಾಳಿಕೋಟೆಯ ಬಸ್ಸು ಧೂಳೆಬ್ಬಿಸುತ್ತ ನನ್ನನ್ನು ದಾಟಿತು. ಕಿಟಕಿಯಲ್ಲಿ ಹೆಂಗಸರು ಇಣುಕಿ ನಗುತ್ತಿದ್ದರು. ಬಳೆ ತುಂಬಿದ ಒಂದು ಕೈಯಂತೂ ಜೋರಾಗಿ ಬೀಸುತ್ತಿತ್ತು. ನನ್ನ ಸವಾರಿಯ ಠೀವಿ ಬಸ್ಸಿನವರಿಗೂ ಹಿಡಿಸಿತಲ್ಲ! ನಾನೂ ಒಂದು ಕೈ ಬಿಟ್ಟು ಬೀಸಿದೆ.

ಡೋಣಿ ಹೊಳೆಯನ್ನು ದಾಟಿ, ಕೇಳಿಕೊಂಡು ಕೇಳಿಕೊಂಡು ಸುಂದರವ್ವನ ಮನೆಯ ಮುಂದೆ ಬಂದಾಗ ಎಂಜಿನ್ನಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಆದರೇನು, ಗೆದ್ದಿದ್ದೆ!

"ಇಳಿ. ಸಾವಕಾಶ. ಬುಟ್ಟಿ ಹುಷಾರಿ," ಎಂದು ಹಿಂದೆ ತಿರುಗಿದೆ.

ಹಿಂದೆ ಯಾರೂ ಇರಲಿಲ್ಲ.

ಸೀಟನ್ನು ಕೈಯಿಂದ ತಡವಿ ನೋಡಿದೆ. ಎಲ್ಲಿ ಬಿದ್ದಳು? ಯಾವ ಕುಣಿಯಲ್ಲಿ? ಪೆಟ್ಟಾಯಿತೋ ಏನೋ! ಬುತ್ತಿ ಹೋದರೆ ಹೋಗಲಿ, ನನ್ನ ಶಂಕ್ರೆವ್ವ ಉಳಿದರೆ ಸಾಕಪ್ಪಾ! ಮರುಕ್ಷಣವೇ, ಬುತ್ತಿ ಹೋದರೆ ಆ ಬಸುರಿ ಹುಡುಗಿ ಅತ್ತೆಯ ಮುಂದೆ ತಲೆ ಎತ್ತುವುದು ಹೇಗೆ ಎಂದುಕೊಂಡೆ. ಗಾಡಿ ತಿರುಗಿಸಲು ಹೋದೆ. ಅಷ್ಟರಲ್ಲಿ ಬಾಗಿಲಿಗೆ ಸಿದ್ದವ್ವ ಬಂದಳು.

"ಬರ್ರಿ ಬೀಗರ. ಈಗ ಬಂದ್ರಿ?"

"ಯವ್ವಾ, ಘಾತ ಆತ್ರಿ! ನಮ್ಮಾಕಿನ್ನ ದಾರ್ಯಾಗ ಕಳಕೊಂಡ ಬಂದೇನಿ! ಬುತ್ತಿ... ಬುತ್ತಿನೂ..." ನನಗೆ ಅಳುವೇ ಬಂತು.

ಒಳಗಿನಿಂದ ಹೆಂಗಸರು ಹೋ ಎಂದು ನಕ್ಕರು. ಇಣುಕಿ ನೋಡಿದರೆ ನನ್ನ ಶಂಕ್ರೆವ್ವ! ತಂಗಿಯ ಮುಂದೆ ಕೂತು, ತುತ್ತು ಮಾಡಿ ಬಾಯಿಗಿಡುತ್ತಿದ್ದಾಳೆ. ಬುಟ್ಟಿಯ ಅರಿವೆ ಬಿಚ್ಚಿದೆ, ಹೋಳಿಗೆ ಆಗಲೇ ಅರ್ಧ ಖಾಲಿ. ಸುಂದರವ್ವ ನಗುತ್ತ ಉಣ್ಣುತ್ತಿದ್ದಳು, ಉಣ್ಣುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಹೋದ ಜೀವ ಬಂದಂತಾಯಿತು.

"ನೀ ಹೆಂಗ ಬಂದಿ?"

"ನಡಕೋಂತ ಹೊಂಟಿದ್ದೆ. ಬಸ್ ಬಂತು, ಕೈ ಮಾಡಿದೆ. ಬಳಿ ಮಾರೂ ಜೋಹರಾಬಿ ಇದ್ಲು ಬಸ್‌ನ್ಯಾಗ. 'ಬಸುರಿ ಬುತ್ತಿ ಕೆಳಗ ಇಡಬ್ಯಾಡವ್ವ' ಅಂತ ಅರ್ಧ ದಾರಿ ತನ್ನ ತೊಡಿಮ್ಯಾಲ ಇಟ್ಕೊಂಡ್ಲು. ನಿಮಗ ಕಿಟಕ್ಯಾಗಿಂದ ಅಷ್ಟ ಕೈ ಬೀಸಿದೆ, ನೀವು ಮಂತ್ರಿಗಳಂಗ ತಿರುಗಿ ಕೈ ಬೀಸಿದ್ರಿ!"

ಅಷ್ಟರಲ್ಲಿ ಗಾಡಿ ನೋಡಲು ಹೊರಗೆ ಹೋಗಿದ್ದ ಸುಂದರವ್ವನ ಗಂಡ ಮಡಿವಾಳಪ್ಪ ಒಳಗೆ ಬಂದ. "ಅಣ್ಣಾರ, ಗಾಡಿ ಒಂದನೇ ಗೇರ್‌ದಾಗ ಐತಲ್ರಿ. ಕಲಕೇರಿಯಿಂದ ಹಂಗ ಬಂದ್ರೇನು?"

ನನ್ನ ಎಡಗಾಲನ್ನು ನಾನು ಧೋತರದೊಳಗೆ ಎಳೆದುಕೊಂಡೆ.

ಸಿದ್ದವ್ವ ಒಂದು ಸಜ್ಜಿ ರೊಟ್ಟಿ ಮುರಿದು ಬಾಯಿಗಿಟ್ಟು, ಸೊಸೆಯತ್ತ ತಿರುಗಿ, "ನಾ ಆಡಬಾರದ ಮಾತ ಆಡಿದ್ನಿ. ನಿನ್ನ ಅಕ್ಕ ಬಸ್ ಸಿಗಲಿಲ್ಲಂದ್ರ ನಡದ ತರಾಕಿದ್ಲವಾ. ಹೆತ್ತಾಕಿ ಇದ್ದಿದ್ರೂ ಇದಕ್ಕಿಂತ ಹೆಚ್ಚೇನ ಮಾಡತಿದ್ಲು," ಅಂದಳು. ಸುಂದರವ್ವ ಅಕ್ಕನ ಹೆಗಲಿಗೆ ಮುಖ ಹಚ್ಚಿದಳು. ನಾನು ಗೋಡೆಯತ್ತ ನೋಡುತ್ತ ಹೋಳಿಗೆ ತಿಂದೆ. ಚಲೋ ಆಗಿತ್ತು.

ಸಂಜೆ ಸಿದ್ದವ್ವನೇ ಹೇಳಿದಳು, "ಬೀಗರ, ಇವತ್ತೊಂದಿನ ಅಕ್ಕ ಇಲ್ಲೇ ವಸ್ತಿ ಇರ್ಲಿ. ಅಕ್ಕತಂಗ್ಯಾರು ಮಾತಾಡ್ಕೋಂತ ಮಲಗ್ತಾರ."

"ಹಂಗಾದ್ರ ನಾನೂ ಇರ್ತೇನ್ರಿ," ಎಂದೆ. ಹೆಂಡತಿಯನ್ನು ಇನ್ನೊಮ್ಮೆ ಹಿಂದೆ ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. "ಏ ಶಂಕ್ರೆವ್ವ, ನಾಳೆ ಇಬ್ಬರೂ ಕೂಡೇ ಸಿಂದಗಿ ಮುಟ್ಟೂಣು."

ಶಂಕ್ರೆವ್ವ ತಂಗಿಯ ತಲೆ ಬಾಚುತ್ತಿದ್ದವಳು ಬಾಚಣಿಗೆ ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದಳು.

"ಕೂಡೇ ಮುಟ್ಟಬೇಕಂದ್ರ ನೀವು ಈಗ ಹೊರಡ್ರಿ. ನಾ ನಾಳೆ ಮುಂಜಾನಿ ಬಸ್ಸಿಗೆ ಬರ್ತೇನಿ!"