ಸುಂಕದವಳ ಮುಂದೆ ಸಾವಿನ ಲೆಕ್ಕ

ಸತ್ತವರ ಮನೆಗೆ ಹೋಗಿ ನಾಲ್ಕು ಒಳ್ಳೆಯ ಮಾತಾಡಿ ಬರುವುದು ತಪ್ಪು ಎಂದು ಯಾವ ದೇಶದ ಕಾನೂನಾದರೂ ಹೇಳುತ್ತದೆಯೇ? ಹೇಳುತ್ತದೆ ಎಂಬುದು ಸೈಲಸ್ ಒಂಬಾಕನಿಗೆ ಗೊತ್ತಾದದ್ದು ಮೊಂಬಾಸಾ ಬಂದರಿನ ಸುಂಕದ ಕಚೇರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಅವತ್ತು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತಿಗೂ ಯಾರಾದರೂ ಅವನೆದುರು ‘ಸುಂಕ’ ಎಂದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಾನೆ.

ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ ಹದಿನಾಲ್ಕು ವರ್ಷ ಅವನು ಸಿಟಿ ಬಸ್ಸು ಓಡಿಸಿದ್ದ. ಹೆಂಡತಿ ಪೆರೆಸ್ ಅಲ್ಲೇ ಒಂದು ವೃದ್ಧಾಶ್ರಮದಲ್ಲಿ ನರ್ಸಾಗಿದ್ದಳು. ಸಾಕು ಪರದೇಶ ಎಂದು ಇಬ್ಬರೂ ಗಂಟುಮೂಟೆ ಕಟ್ಟಿ ಕೀನ್ಯಾಕ್ಕೆ ಮರಳಿದ್ದರು. ಸೋಫಾ, ಫ್ರೀಜರು, ಹೊಲಿಗೆ ಯಂತ್ರ ಎಲ್ಲ ಹಡಗಿನಲ್ಲಿ ಬಂದಿದ್ದವು. ಅವುಗಳ ನಡುವೆ, ಮೂರು ಕಂಬಳಿ ಹೊದ್ದುಕೊಂಡು, ಬೆಳ್ಳಿ ಬಣ್ಣದ ಜರ್ಮನ್ ಕಾರು ಬಂದಿತ್ತು. ದಿನವಿಡೀ ಕಂಡವರನ್ನೆಲ್ಲ ಬಸ್ಸಿನಲ್ಲಿ ಹೊತ್ತು ಸಾಕಾದ ಸೈಲಸ್, ಸಂಜೆ ಈ ಕಾರಿನಲ್ಲಿ ಕೂತಾಗ ಮಾತ್ರ ತಾನೊಬ್ಬ ಮನುಷ್ಯ ಎಂದುಕೊಳ್ಳುತ್ತಿದ್ದ. ಅದರ ಸ್ಟೀರಿಂಗ್ ಚಕ್ರ ಹಿಡಿಯಲು ಪೆರೆಸಳಿಗೆ ಒಂದು ದಿನವೂ ಬಿಟ್ಟಿರಲಿಲ್ಲ. ಅವಳಿಗೆ ಲೈಸೆನ್ಸ್ ಇತ್ತು, ಇರಲಿ ಬಿಡಿ. (ಅಡುಗೆ ಪುಸ್ತಕ ಇದ್ದವರೆಲ್ಲ ಅಡುಗೆಭಟ್ಟರೇ ಎಂದು ಅವನು ಕೇಳುತ್ತಿದ್ದ.)

ಹೊರದೇಶದಲ್ಲಿ ನೆಲೆಸಿದ್ದವರು ಊರಿಗೆ ಮರಳಿದರೆ ಮನೆಸಾಮಾನಿಗೂ ಒಂದು ಕಾರಿಗೂ ಸುಂಕವಿಲ್ಲ. ಕಾರು ಎಂಟು ವರ್ಷಕ್ಕಿಂತ ಹಳೆಯದಾಗಿರಬಾರದು, ಆಗಿರಲಿಲ್ಲ. ಸ್ಟೀರಿಂಗ್ ಚಕ್ರ ಬಲಗಡೆ ಇರಬೇಕು, ಇತ್ತು. ಹನ್ನೆರಡು ತಿಂಗಳಾದರೂ ಸ್ವಂತದ್ದಾಗಿದ್ದು ಬಳಸಿರಬೇಕು, ಬಳಸಿದ್ದ. ಇಷ್ಟು ನೋಡಿಕೊಂಡು ಸೈಲಸ್ ಊರಿಗೆ ಫೋನು ಮಾಡಿ, ಶುಕ್ರವಾರ ಸ್ವಂತ ಕಾರಿನಲ್ಲಿ ಬರುತ್ತೇನೆ, ಹೋರಿ ಕಡಿಯಿರಿ ಎಂದು ದೊಡ್ಡಪ್ಪ ಓವಿಟಿಗೆ ಹೇಳಿಬಿಟ್ಟಿದ್ದ. ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ನಾಲ್ಕನೆಯ ಷರತ್ತೊಂದಿತ್ತು. ಅದನ್ನು ಅವನು ಓದಿರಲಿಲ್ಲ. ಮರಳುವವನು ಹಿಂದಿನ ಎರಡು ವರ್ಷದಲ್ಲಿ ಒಟ್ಟು ತೊಂಬತ್ತು ದಿನಕ್ಕಿಂತ ಹೆಚ್ಚು ಸ್ವದೇಶದಲ್ಲಿ ಇದ್ದಿರಬಾರದು.

ಸುಂಕದ ಅಧಿಕಾರಿಣಿಯ ಹೆಸರು ಕವಿನ್ಯಾ. ಅವಳು ಸೈಲಸ್‌ನ ಪಾಸ್‌ಪೋರ್ಟಿನ ಪುಟ ತಿರುವುತ್ತ ಠಸ್ಸೆಗಳ ಮೇಲೆ ಪೆನ್ಸಿಲ್ ಆಡಿಸಿದಳು. ಬಂದದ್ದು, ಹೋದದ್ದು, ಬಂದದ್ದು, ಹೋದದ್ದು. ಏಳು ಸಲ ಹೀಗಾಯಿತು. ಪೆರೆಸ್ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. (ಆ ಬೆಕ್ಕಿಗೆ ಚುಚ್ಚುಮದ್ದಿನ ಪುಸ್ತಕ, ಪರವಾನಗಿ, ಕತ್ತಿನ ಚರ್ಮದಡಿ ನಂಬರು ಎಲ್ಲ ಇದ್ದವು. ವಿಮಾನ ನಿಲ್ದಾಣದಲ್ಲಿ ಹತ್ತೇ ನಿಮಿಷದಲ್ಲಿ ಅದನ್ನು ಬಿಟ್ಟಿದ್ದರು. ಅದು ಯಾರ ಮಣ್ಣಿಗೂ ಹೋಗಿರಲಿಲ್ಲವಲ್ಲ.)

“ತೊಂಬತ್ತಾರು,” ಎಂದಳು ಕವಿನ್ಯಾ.

“ಏನಮ್ಮಾ ತೊಂಬತ್ತಾರು?”

“ದಿನ. ನೀವು ಪರದೇಶದಲ್ಲಿ ನೆಲೆಸಿದ್ದವರಲ್ಲ ಸ್ವಾಮಿ. ಇಲ್ಲೇ ಇದ್ದವರು, ಆಗಾಗ ಇಂಗ್ಲೆಂಡಿಗೆ ಹೋಗಿ ಬಂದಿದ್ದೀರಿ, ಅಷ್ಟೆ. ಸುಂಕ ಕಟ್ಟಿ.”

ಸುಂಕವೆಂದರೆ ಹೆಚ್ಚುಕಡಿಮೆ ಇನ್ನೊಂದು ಕಾರಿನ ಬೆಲೆ. ಕಟ್ಟದಿದ್ದರೆ ಕಾರು ಬಂದರಿನಲ್ಲೇ ಹರಾಜು. ಸೈಲಸ್ ಎದ್ದು ನಿಂತ. ಅವನು ಸಾಮಾನ್ಯ ಮಾತುಗಾರನಲ್ಲ. ಅವರ ಕುಲದಲ್ಲಿ ಯಾರೇ ಸತ್ತರೂ ಗುಂಡಿಯ ಪಕ್ಕ ನಿಂತು ಮಾತಾಡಲು ಸೈಲಸನೇ ಬರಬೇಕು. ಬದುಕಿದ್ದಾಗ ಕೋಳಿ ಕದ್ದವನೂ ಅವನ ಮಾತು ಮುಗಿಯುವ ಹೊತ್ತಿಗೆ ಮಹಾತ್ಮನಾಗಿರುತ್ತಿದ್ದ. ಅದಕ್ಕಾಗಿಯೇ ಲೆಸ್ಟರಿನಿಂದ ಏಳು ಸಲ ವಿಮಾನ ಹತ್ತಿದ್ದ. ಆ ನಾಲಗೆಯನ್ನೆಲ್ಲ ಈಗ ಕವಿನ್ಯಾಳ ಮೇಲೆ ಹರಿಯಬಿಟ್ಟ.

ಇದೇನು ತಾನು ಮೋಜಿಗೆ ಬಂದದ್ದೇ ಎಂದು ಕೇಳಿದ. ಹೆಣದ ಮುಂದೆ ನಿಂತವನು ಊರಲ್ಲಿ ಇದ್ದ ಹಾಗೆ ಹೇಗಾಗುತ್ತದೆ, ಅವನಿಗೆ ಊಟ ನಿದ್ದೆ ಎರಡೂ ಇರುವುದಿಲ್ಲ ಎಂದ. (ಹೋರಿ ಕಡಿದಿರುತ್ತಾರೆ, ಆ ಮಾತು ಬೇರೆ.) ಏಳು ಜನ ಸತ್ತವರ ಹೆಸರನ್ನೂ ಅವರವರ ಗುಣವಿಶೇಷಗಳನ್ನೂ ಹೇಳತೊಡಗಿದ. ಮೂರನೆಯವನಿಗೆ ಬಂದಾಗ ಸ್ವಂತ ಮಾತಿಗೆ ತಾನೇ ಕರಗಿ ಕಣ್ಣೊರೆಸಿಕೊಂಡ. ಐದನೆಯ ಮಣ್ಣಂತೂ ಎಂಟು ದಿನ ಮುಂದಕ್ಕೆ ಹೋಗಿತ್ತು, ಸತ್ತವನನ್ನು ಯಾರ ಹಿತ್ತಿಲಲ್ಲಿ ಹೂಳಬೇಕೆಂದು ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದರು, ಆ ಎಂಟು ದಿನವನ್ನಾದರೂ ಕಳೆಯಬೇಕು ಎಂದು ವಾದಿಸಿದ.

“ಜಗಳ ಅವರದ್ದಾದ್ರೂ ದಿನ ನಿಮ್ಮದೇ,” ಎಂದಳು ಕವಿನ್ಯಾ. “ಫಾರಂನಲ್ಲಿ ದುಃಖಕ್ಕೆ ಅಂತ ಕಾಲಂ ಇಲ್ಲ.”

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸುಂಕದವಳಾದರೂ ಅಷ್ಟೇ. ನನ್ನನ್ನು ಕೇಳಿದರೆ, ಹುಟ್ಟು ಸಾವಿನ ಲೆಕ್ಕ ಮೇಲಿರುವವನಿಗೆ ಬಿಟ್ಟು, ಸೋಫಾ ಫ್ರೀಜರುಗಳ ಲೆಕ್ಕ ಇಟ್ಟುಕೊಳ್ಳಲಿ ಎಂದು ಈ ಇಲಾಖೆಯನ್ನು ಮಾಡಿದ್ದು. ಅದು ನೋಡಿದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಸೈಲಸ್‌ಗೆ ಮೈಯೆಲ್ಲ ಉರಿದುಹೋಯಿತು. ಕಾರಿಗೆ ಇಲ್ಲೇ ಬೆಂಕಿ ಹಚ್ಚುತ್ತೇನೆ ಎಂದ. ಅದಕ್ಕೂ ಮೊದಲು ಸುಂಕ ಕಟ್ಟಬೇಕಾಗುತ್ತದೆ ಎಂದು ಕವಿನ್ಯಾ ಶಾಂತವಾಗಿ ತಿಳಿಸಿದಳು. ಅವನು ತಿರುಗಿ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಕ್ಕೆ ಹೆಂಡತಿಯ ಮೇಲೆ ರೇಗಿದ. ಗಂಡ ಇಲ್ಲಿ ಸಾಯುತ್ತಿದ್ದಾನೆ, ನಿನಗೆ ಬೆಕ್ಕೇ ಹೆಚ್ಚಾಯಿತು ಎಂದ.

ಅವರ ಪರವಾಗಿ ಕಾಗದಪತ್ರ ಓಡಾಡಿಸಲು ಅಥ್ಮಾನ್ ಎಂಬ ಮೊಂಬಾಸಾದ ಏಜೆಂಟನಿದ್ದ. ಇಪ್ಪತ್ತು ವರ್ಷದಿಂದ ಈ ಕಚೇರಿಯ ಬೆಂಚು ಸವೆಸಿದವನು. ಅವನು ಕಾರಿನ ನೋಂದಣಿ ಪತ್ರವನ್ನು ಕನ್ನಡಕದ ಹತ್ತಿರ ಹಿಡಿದು, ಇದರಲ್ಲಿ ಮಾಲೀಕರ ಹೆಸರು ಪೆರೆಸ್ ಅಪೊಂಡಿ ಎಂದಿದೆಯಲ್ಲ ಎಂದ.

ಅದು ನಿಜ. ಅತಿವೇಗಕ್ಕೆ ಎರಡು ಸಲ ಕ್ಯಾಮೆರಾದ ಕಣ್ಣಿಗೆ ಬಿದ್ದ ಮೇಲೆ ಸೈಲಸ್‌ನ ಹೆಸರಿಗೆ ವಿಮೆ ದುಬಾರಿಯಾಗಿತ್ತು. ಮೂರು ವರ್ಷದ ಹಿಂದೆ ಕಾರು ಕೊಂಡಾಗ ಅದನ್ನು ಹೆಂಡತಿಯ ಹೆಸರಿಗೆ ಮಾಡಿಸಿ, ಆಮೇಲೆ ಆ ಸಂಗತಿಯನ್ನು ಮರೆತಿದ್ದ. ಅದು ಬರೀ ಕಾಗದದ ಮೇಲೆ, ಕಾರು ತನ್ನದೇ ಎಂದು ಕೈ ಬೀಸಿದ.

“ನಮ್ಮಲ್ಲಿ ಏನಿದ್ರೂ ಬರೀ ಕಾಗದದ ಮೇಲೇ,” ಎನ್ನುತ್ತ ಕವಿನ್ಯಾ ಪೆರೆಸಳ ಪಾಸ್‌ಪೋರ್ಟಿಗೆ ಕೈ ಚಾಚಿದಳು. ಎರಡು ವರ್ಷದಲ್ಲಿ ಅವಳು ಊರಿಗೆ ಬಂದದ್ದು ಒಂದೇ ಸಲ, ಹತ್ತು ದಿನ.

“ಹತ್ತೇ ದಿನ,” ಎಂದಳು ಪೆರೆಸ್. ಅಲ್ಲಿಯವರೆಗೆ ಅವಳು ಬಾಯಿ ಬಿಟ್ಟಿರಲಿಲ್ಲ. “ನಮ್ಮಮ್ಮ ಸತ್ತಾಗ. ಇನ್ನೊಂದು ವಾರ ಇರ್ತೀನಿ ಅಂದೆ. ಟಿಕೆಟ್ ಬದಲಾಯಿಸೋಕೆ ದುಡ್ಡಿಲ್ಲ ಅಂದ್ರು ಇವರು. ಮುಂದಿನ ತಿಂಗಳೇ ಅದ್ಯಾರೋ ಸತ್ರು ಅಂತ ವಿಮಾನ ಹತ್ತಿದ್ರು.”

ಸೈಲಸ್ ಗೋಡೆಯ ಕ್ಯಾಲೆಂಡರು ನೋಡಿದ. ಆ ಹತ್ತು ದಿನದ ಬಗ್ಗೆ ಪೆರೆಸಳಿಗೆ ಒಂದು ವರ್ಷದಿಂದ ಹೊಟ್ಟೆಯಲ್ಲಿ ಬೆಂಕಿಯಿತ್ತು. ಅವಳಿಗೆ ಮಾತಾಡಲು ಗುಂಡಿಯ ಪಕ್ಕದ ಜಾಗವನ್ನು ಯಾರೂ ಕೊಟ್ಟಿರಲಿಲ್ಲ.

ಕವಿನ್ಯಾ ಪೆರೆಸಳ ಕಡೆ ತಿರುಗಿ, ಮರಳಿದವಳು ನೀವೇ ಎಂದಾದರೆ ಸಾಮಾನೆಲ್ಲ ಬಿಡಬಹುದು, ಕಾರನ್ನೂ ಬಿಡಬಹುದು ಎಂದಳು. ಆದರೆ ಹೆಸರಲ್ಲಿದ್ದರೆ ಸಾಲದು, ನೀವೇ ಓಡಿಸಿದ್ದಕ್ಕೆ ಸಾಕ್ಷಿ ಬೇಕು. ಸೈಲಸ್ ನಕ್ಕುಬಿಟ್ಟ. ಇವಳಿಗೆ ಕಾರಿನ ಬೀಗದ ಕೈ ಯಾವ ಬಣ್ಣದ್ದೆಂದೂ ಗೊತ್ತಿಲ್ಲ, ತಾನು ಊರಿಗೆ ಬರುವಾಗ ಅದನ್ನು ಕೋಟಿನ ಜೇಬಿನಲ್ಲೇ ತರುತ್ತಿದ್ದೆ ಎಂದು ಹೆಮ್ಮೆಯಿಂದ ಹೇಳಿದ. ಅಥ್ಮಾನ್ ಕಣ್ಣು ಮುಚ್ಚಿಕೊಂಡ. ಕೈಗೆ ಬಂದ ತುತ್ತನ್ನು ಹೀಗೆ ಒದೆಯುವ ಗಿರಾಕಿಯನ್ನು ಅವನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ.

ಪೆರೆಸ್ ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಕಾರಿಗೆ ಸಂಬಂಧಪಟ್ಟ ಒಂದು ಚೀಟಿಯನ್ನೂ ಬಿಡದೆ ತನ್ನಿ ಎಂದು ಅಥ್ಮಾನ್ ಹೇಳಿದ್ದ, ಅವಳು ತಂದಿದ್ದಳು. ಡಬ್ಬಿಯ ತುಂಬ ದಂಡದ ನೋಟೀಸುಗಳು. ನಿಲ್ಲಿಸಬಾರದ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ, ಹೊತ್ತು ಮೀರಿ ನಿಲ್ಲಿಸಿದ್ದಕ್ಕೆ, ಬಸ್ಸಿನ ದಾರಿಯಲ್ಲಿ ಓಡಿಸಿದ್ದಕ್ಕೆ. ಎಲ್ಲವೂ ಅವಳ ಹೆಸರಿಗೆ ಬಂದವು. ದಂಡ ಕಟ್ಟಿದ ರಸೀದಿಗಳನ್ನು ಪಿನ್ನು ಹಾಕಿ ಜೋಡಿಸಿದ್ದಳು. ಕ್ಯಾಮೆರಾ ತೆಗೆದ ಫೋಟೋಗಳಲ್ಲಿ ಚಕ್ರ ಹಿಡಿದು ಕೂತ ಪೆರೆಸ್, ಪಕ್ಕದಲ್ಲೂ ಹಿಂದೆಯೂ ವೃದ್ಧಾಶ್ರಮದ ನರ್ಸುಗಳು. ಒಂದರಲ್ಲಿ ಎಲ್ಲರ ಕೈಯಲ್ಲೂ ಐಸ್‌ಕ್ರೀಮ್ ಇತ್ತು, ಹಿಂದೆ ಸಮುದ್ರ ಕಾಣುತ್ತಿತ್ತು.

ಕವಿನ್ಯಾ ನೋಟೀಸಿನ ದಿನಾಂಕಗಳನ್ನೂ ಸೈಲಸ್‌ನ ಪಾಸ್‌ಪೋರ್ಟಿನ ಠಸ್ಸೆಗಳನ್ನೂ ಅಕ್ಕಪಕ್ಕ ಇಟ್ಟಳು. ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದಿದವು. ಅವನು ಇಲ್ಲಿ ಇಳಿದ ಮರುದಿನ ಅಲ್ಲಿ ಕಾರು ಹೊರಟಿತ್ತು, ಅವನು ಅಲ್ಲಿಗೆ ವಾಪಸಾಗುವ ಹಿಂದಿನ ದಿನ ನಿಂತಿತ್ತು. ಬೀಗದ ಕೈ ಎರಡಿರುತ್ತವೆ ಎಂಬುದು ಹದಿನಾಲ್ಕು ವರ್ಷ ಬಸ್ಸು ಓಡಿಸಿದವನಿಗೆ ಹೊಳೆದಿರಲಿಲ್ಲ. ಜರ್ಮನ್ ಕಾರು ನಿಂತಲ್ಲೇ ಪೆಟ್ರೋಲು ಕುಡಿಯುತ್ತದೆ ಎಂದು ಅವನು ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದ್ದ.

“ನಮ್ಮ ಚಿಕ್ಕಪ್ಪನ ಮಣ್ಣಿನ ದಿನ ನೀನು ಸಮುದ್ರದ ದಂಡೇಲಿ ಐಸ್‌ಕ್ರೀಮ್ ತಿಂತಾ ಇದ್ಯಾ?” ಎಂದ ಸೈಲಸ್.

“ಚಿಕ್ಕಪ್ಪ ಅಲ್ಲ. ಚಿಕ್ಕಪ್ಪನ ಭಾವಮೈದುನನ ಅಳಿಯ,” ಎಂದಳು ಪೆರೆಸ್. “ಅವನ ಮುಖ ನೀವೂ ನೋಡಿರ್ಲಿಲ್ಲ. ಪೆಟ್ಟಿಗೆ ಮೇಲಿನ ಫೋಟೋ ನೋಡಿ ಭಾಷಣ ಮಾಡಿದೆ ಅಂತ ನೀವೇ ಹೇಳಿದ್ರಿ.”

ಇಷ್ಟೊಂದು ತಪ್ಪು ಮಾಡಿದವಳಿಗೆ ಸರ್ಕಾರ ಕಾರು ಬಿಟ್ಟುಕೊಡುವುದೇ ಎಂದು ಸೈಲಸ್ ಕವಿನ್ಯಾಳನ್ನೇ ಕೇಳಿದ. ತನಗೆ ಬೇಕಾದದ್ದು ಬಳಸಿದ್ದಕ್ಕೆ ಸಾಕ್ಷಿ, ಸಜ್ಜನಿಕೆಗೆ ಅಲ್ಲ ಎಂದಳು ಅವಳು. ಆದರೆ ಕಾರು ತನ್ನದೇ ಎಂದು ಈ ಸ್ವಾಮಿಗಳು ನಾಲ್ಕು ಜನರ ಮುಂದೆ ಕೂಗಿದ್ದಾರೆ. ಹಾಗಲ್ಲ ಎಂದು ಅವರೇ ಪ್ರಮಾಣ ಮಾಡಿ ಬರೆದುಕೊಟ್ಟರೆ ಇವತ್ತೇ ಬಿಡುಗಡೆ, ಇಲ್ಲದಿದ್ದರೆ ಹರಾಜು. ಜೊತೆಗೆ, ಸುಂಕ ಬಿಟ್ಟ ಕಾರನ್ನು ಯಾರ ಹೆಸರಿಗೆ ಬಿಟ್ಟಿದೆಯೋ ಅವರೇ ಓಡಿಸಬೇಕು. ಸೈಲಸ್ ಕುರ್ಚಿಯಲ್ಲಿ ಕುಸಿದ. ಶುಕ್ರವಾರದ ಹೋರಿ ಅವನ ಕಣ್ಣ ಮುಂದೆ ಬಂತು, ಬಾಗಿಲಲ್ಲಿ ಕಾಯುವ ದೊಡ್ಡಪ್ಪ ಬಂದ. ಬಸ್ಸಿನಲ್ಲಿ ಹೋಗಿ ಇಳಿಯುವುದಕ್ಕಿಂತ ಸಾವೇ ಮೇಲು ಎನ್ನಿಸಿತು. ಬರೆ ಎಂದು ಅಥ್ಮಾನ್‌ಗೆ ಹೇಳಿದ.

ಅಥ್ಮಾನ್ ಪ್ರಮಾಣಪತ್ರ ಬರೆಯುವುದರಲ್ಲಿ ಪಳಗಿದ ಕೈ. “ಸೈಲಸ್ ಒಂಬಾಕ ಎಂಬ ನಾನು, ಸ್ವಸ್ಥಚಿತ್ತನಾಗಿ, ಯಾರ ಬಲವಂತಕ್ಕೂ ಒಳಗಾಗದೆ ಪ್ರಮಾಣ ಮಾಡಿ ಹೇಳುವುದೇನೆಂದರೆ, ಸದರಿ ವಾಹನದ ಮಾಲೀಕಳೂ ಚಾಲಕಿಯೂ ನನ್ನ ಧರ್ಮಪತ್ನಿಯೇ ಆಗಿರುತ್ತಾಳೆ. ಸದರಿ ವಾಹನಕ್ಕೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ. ನಾನು ಎಂದೆಂದೂ ಬಸ್ಸಿನಲ್ಲೇ ಓಡಾಡುವವನು.” ಬಲವಂತದ ಮಾತನ್ನು ಹೊಡೆದುಹಾಕಬೇಕೆಂದು ಸೈಲಸ್ ಹಟ ಹಿಡಿದ. ಅದು ಇಲ್ಲದಿದ್ದರೆ ನಡೆಯುವುದಿಲ್ಲ ಎಂದರು. ಹಲ್ಲು ಕಡಿಯುತ್ತ ಸಹಿ ಹಾಕಿದ.

ಮೊಂಬಾಸಾದಿಂದ ಅವನ ಊರಿಗೆ ಎರಡು ದಿನದ ದಾರಿ. ಪೆರೆಸ್ ಓಡಿಸಿದಳು, ಸೈಲಸ್ ಎಡಗಡೆ ಕೂತು ಕಾಲಲ್ಲಿ ಇಲ್ಲದ ಬ್ರೇಕು ಒತ್ತಿದ. ನಿಧಾನ ಎಂದ, ಜೋರು ಎಂದ, ಲಾರಿ ಎಂದ. ಅವಳು ಬಾಯಿಬಿಡದೆ ಲಾರಿ ದಾಟಿದಳು. ಪೊಲೀಸರು ತಡೆದಲ್ಲೆಲ್ಲ ಸುಂಕ ಬಿಟ್ಟ ಕಾರಿನ ಕಾಗದ ಕೇಳಿದರು, ಪ್ರಮಾಣಪತ್ರವನ್ನು ಓದಿದರು, ಬಗ್ಗಿ ಸೈಲಸ್‌ನ ಮುಖ ನೋಡಿದರು. ಒಬ್ಬ ಸೆಲ್ಯೂಟ್ ಹೊಡೆದ, ಪೆರೆಸಳಿಗೆ. ಸೈಲಸ್‌ಗೆ ಆ ಪೊಲೀಸಿನವನ ಟೋಪಿ ಕಿತ್ತು ರಸ್ತೆಗೆಸೆಯುವಷ್ಟು ಕೋಪ ಬಂದಿತ್ತು. ಮನೆಗೆ ತಲುಪಲಿ, ಅಲ್ಲಿ ಸುಂಕದವರೂ ಇಲ್ಲ ಪೊಲೀಸರೂ ಇಲ್ಲ, ಬೀಗದ ಕೈ ಕಿತ್ತುಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ಕೂತ.

ಶುಕ್ರವಾರ ಮಧ್ಯಾಹ್ನ ಊರಿನ ಅಂಗಳದಲ್ಲಿ ನೂರು ಜನ ಸೇರಿದ್ದರು. ಕಾರು ನಿಂತಿತು. ಹೆಂಗಸರು ಹರ್ಷದಿಂದ ಕೂಗಿ ಕುಣಿಯುತ್ತ ಬಂದು ಬಲಗಡೆಯ ಬಾಗಿಲು ತೆಗೆದು ಪೆರೆಸಳನ್ನು ಅಪ್ಪಿಕೊಂಡರು. ಎಂಬತ್ತು ದಾಟಿದ ದೊಡ್ಡಪ್ಪ ಓವಿಟಿ ಕೋಲೂರಿಕೊಂಡು ಎಡಗಡೆಗೆ ಬಂದು, ಮಗನೇ ನೀನು ಯಾಕೆ ಈ ಕಡೆಯಿಂದ ಇಳಿಯುತ್ತಿದ್ದೀ, ಕಾಯಿಲೆಯೇ ಎಂದು ಕೇಳಿದ. ಅದೇನೋ ಸರ್ಕಾರದ ನಿಯಮ ಎಂದು ಸೈಲಸ್ ಗೊಣಗಿದ. ಎಂಥ ನಿಯಮ, ಬರೆದಿದ್ದರೆ ತೋರಿಸು ಎಂದ ಮುದುಕ. ಸೈಲಸ್ ತಡೆಯುವ ಮೊದಲೇ ಪೆರೆಸ್ ಗಾಜಿನ ಹಿಂದಿದ್ದ ಪ್ರಮಾಣಪತ್ರವನ್ನು ಶಾಲೆಯ ಮೇಷ್ಟರ ಕೈಗೆ ಕೊಟ್ಟಳು. ಮೇಷ್ಟರು ಕೆಮ್ಮಿ, ಒಂದೊಂದೇ ಸಾಲನ್ನು ಊರಿನ ಮಾತಿಗೆ ತಿರುಗಿಸಿ, ಕೊನೆಯ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಓದಿದರು. ಮಣ್ಣಿನಲ್ಲಿ ಸೈಲಸ್ ಮಾತಾಡುವಾಗಲೂ ಜನ ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

ದೊಡ್ಡಪ್ಪ ಬಹಳ ಹೊತ್ತು ತಲೆದೂಗಿದ. ಆಮೇಲೆ ಸೈಲಸನನ್ನು ಬಿಟ್ಟು ಕಾರನ್ನು ಸುತ್ತಿ ಬಲಗಡೆಗೆ ಹೋದ.

“ಸೊಸೇ, ನಾಳೆ ಆ ದಿಣ್ಣೆಯಾಚೆ ಒಂದು ಮಣ್ಣಿದೆ. ನನ್ನ ಮೊಣಕಾಲು ಕೇಳಲ್ಲ. ಮುಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗ್ತೀಯಾ?”

“ಬನ್ನಿ ಮಾವ. ಹಿಂದೆ ಅತ್ತೆಯರು ಮೂವರು ಕೂತ್ಕೊಳ್ಳಲಿ.”

“ಸೈಲಸ್? ಅವನೇ ಅಲ್ವಾ ಮಾತಾಡಬೇಕಾದವನು?”

ಪೆರೆಸ್ ಮೇಷ್ಟರ ಕೈಯಿಂದ ಕಾಗದ ತೆಗೆದುಕೊಂಡು ಮಡಿಚಿದಳು. “ಇವರು ಬಸ್ಸಲ್ಲೇ ಬರ್ತಾರೆ ಮಾವ. ಪ್ರಮಾಣ ಮಾಡಿದ್ದಾರೆ.”

ಮರುದಿನ ದಿಣ್ಣೆಯಾಚೆಯ ಬಸ್ಸು ಒಂದೂವರೆ ಗಂಟೆ ತಡವಾಗಿ ಬಂತು. ಸೈಲಸ್ ಮೂರು ಕೋಳಿ ಬುಟ್ಟಿಗಳ ನಡುವೆ ನಿಂತುಕೊಂಡೇ ಹೋಗಿ ಇಳಿಯುವಷ್ಟರಲ್ಲಿ ಗುಂಡಿ ಮುಚ್ಚಿ ಆಗಿತ್ತು. ಸತ್ತವನ ಬಗ್ಗೆ ನಾಲ್ಕು ಮಾತನ್ನು ಪೆರೆಸಳೇ ಆಡಿದ್ದಳಂತೆ, ತುಂಬ ಚೆನ್ನಾಗಿ ಆಡಿದಳು ಎಂದು ಊಟಕ್ಕೆ ಕೂತವರೆಲ್ಲ ಅವನಿಗೆ ಹೇಳಿದರು.