ಯುವರಾಜರ ಚೆಕ್ಕುಬಂದಿ

ಸುಳ್ಳು ಹೇಳುವುದು ಕಷ್ಟದ ಕೆಲಸವೆಂದು ನಾನು ಎಂದೂ ತಿಳಿದಿರಲಿಲ್ಲ. ಅದೂ ಒಂದೇ ಒಂದು ಸುಳ್ಳು, ಅದೂ ಬರೆದು ಕೊಟ್ಟದ್ದು!

ಎಪ್ಪತ್ತರ ದಶಕದಲ್ಲಿ ನಾನು ಚನ್ನಗಿರಿ ಕಡೆ ಗ್ರಾಮಲೆಕ್ಕಿಗ. ನೌಕರರ ನಾಟಕದಲ್ಲಿ ಮಂತ್ರಿಯ ಪಾತ್ರ ಸಿಕ್ಕಿತು. ರಾಜ "ಯುವರಾಜನೆಲ್ಲಿ?" ಎಂದು ಗುಡುಗಬೇಕು. ಯುವರಾಜನನ್ನು ಹಾಳುಗುಡಿಯಲ್ಲಿ ಬಚ್ಚಿಟ್ಟಿರುವ ನಾನು "ಬೇಟೆಗೆ ಹೋಗಿದ್ದಾರೆ, ಪ್ರಭು" ಎನ್ನಬೇಕು. ಈ ಒಂದು ಸುಳ್ಳಿನ ಮೇಲೆ ಮುಂದಿನ ನಾಲ್ಕು ಅಂಕ ನಿಂತಿದ್ದವು.

"ನಿಮ್ಮ ಕೈಲಾಗಲ್ಲ ಬಿಡ್ರಿ," ಎಂದಳು ಹೆಂಡತಿ ಗಿರಿಜೆ. "ಹೊನ್ನಾಳಿಯಿಂದ ಅಪ್ಪಾರು ನೋಡಾಕೆ ಬರ್ತಾರೆ. ಮರ್ಯಾದೆ ಐತೆ."

"ಒಂದು ಸುಳ್ಳು ಹೇಳಾಕೆ ತಾಲೀಮು ಬೇಕೇನೇ?" ಎಂದು ನಕ್ಕೆ. ಮಾವನವರಿಂದ ಒಮ್ಮೆಯಾದರೂ ಭೇಷ್ ಎನ್ನಿಸಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ. ಮದುವೆಯಾಗಿ ಆರು ವರ್ಷವಾದರೂ ಆ ಭಾಗ್ಯ ಬಂದಿರಲಿಲ್ಲ.

ನಾಟಕದ ದಿನ ರಾಜನ ಪಾತ್ರಧಾರಿಗೆ ಜ್ವರ. ಬದಲಿಗೆ ಕಿರೀಟ ಇಟ್ಟುಕೊಂಡು ಬಂದವರು ನಮ್ಮ ರೆವಿನ್ಯೂ ಇನ್ಸ್‌ಪೆಕ್ಟರ್ ಸಾಹೇಬರು! ಆ ಧ್ವನಿ ಯಾವ ಜಾಗ ಎಲ್ಲಿ ಎಂದು ಕೇಳಿದರೂ, ನೆಟ್ಟಗೆ ನಿಂತು ನಾಲ್ಕು ದಿಕ್ಕಿನ ಚೆಕ್ಕುಬಂದಿ ಒಪ್ಪಿಸುವುದು ನನ್ನ ಹತ್ತು ವರ್ಷದ ನೌಕರಿ.

"ಯುವರಾಜನೆಲ್ಲಿ?"

"ಹಾಳುಗುಡಿಯಲ್ಲಿ, ಸಾರ್! ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಸರ್ಕಾರಿ ಖರಾಬು!"

ಪರದೆಯ ಹಿಂದಿನಿಂದ ನಾಟಕದ ಮೇಷ್ಟ್ರು "ಬೇಟೆ! ಬೇಟೆ!" ಎಂದು ಅರಚಿದರು. ಸರಿಪಡಿಸಲು ಹೋದೆ.

"ಬೇಟೆಗೂ ಹೋಗಿದ್ದಾರೆ, ಸಾರ್... ಮುಗಿಸಿಕೊಂಡು ಅಲ್ಲಿಗೇ ಬರ್ತಾರೆ!"

ರಾಜರಾದರೂ ಏನು ಮಾಡಿಯಾರು? "ಹಿಡಿದು ತನ್ನಿ!" ಎಂದರು. ಒಳಗೆ ಮೀಸೆ ಅಂಟಿಸಿಕೊಳ್ಳುತ್ತಿದ್ದ ಯುವರಾಜನನ್ನು ಸೈನಿಕರು ಅರ್ಧ ಮೀಸೆಯಲ್ಲೇ ಎಳೆದು ತಂದರು. ಐದು ಹಾಡು ಕಲಿತಿದ್ದ ಪಾಪದವನು ಒಂದೂ ಹಾಡದೆ ಸೆರೆಮನೆ ಸೇರಿದ. ಐದಂಕದ ನಾಟಕ ಅರ್ಧ ಗಂಟೆಗೆ ಮಂಗಳ!

ಜನ ಬಿದ್ದುಬಿದ್ದು ನಗುತ್ತಿದ್ದರು. ನನಗೋ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಗಿತ್ತು. ಆದರೂ ಆಸೆ ನೋಡಿ, ಮನೆಗೆ ಬರುವಾಗ ಕೇಳಿಯೇಬಿಟ್ಟೆ.

"ನನ್ನ ಪಾತ್ರ ಹೆಂಗಿತ್ತು, ಮಾವ?"

ಮಾವನವರು ಸ್ವಲ್ಪ ಕೆಮ್ಮಿದರು. "ಮೈಕು ಭಾಳ ಚಲೋ ಇತ್ತು ನೋಡ್ರಿ, ಅಳಿಯಂದಿರೇ."

ಗಿರಿಜೆಯತ್ತ ತಿರುಗಿದೆ. "ನೀನಾದ್ರೂ ಹೇಳೇ."

"ನಿಮ್ಮ ಪೇಟ ಚೆನ್ನಾಗಿ ಕೂತಿತ್ತು ರೀ."

ಕೇಳಿದ್ದೊಂದು, ಹೇಳಿದ್ದು ಇನ್ನೊಂದು. ಆದರೂ ಉತ್ತರ ಪೂರಾ ಅರ್ಥವಾಯಿತು! ಆ ರಾಜ್ಯಕ್ಕೆ ಬೇಕಾಗಿದ್ದ ಮಂತ್ರಿಗಳು ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಡೆಯುತ್ತಿದ್ದರು. ವೇಷ ಕಟ್ಟಿದ್ದು ಮಾತ್ರ ನಾನು!